ಲೈಸೆನ್ಸ್ ಉಂಟು ಅಂದಿದ್ರು, ಯಾವುದರ ಲೈಸೆನ್ಸ್ ಅಂತ ನಾವು ಕೇಳ್ಲಿಲ್ಲ: ಅಕ್ಕನ ಮನೆಯ ಕೇಸು ಪೂರ್ತಿ

ಭಾವನ ಕೈಗೆ ಕೊಟ್ಟ ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿನ ಕೆಳಗೆ ಗವರ್ನಮೆಂಟ್ ಲೈಸೆನ್ಸ್ಡ್ ಕಾಂಟ್ರಾಕ್ಟರ್ ಅಂತ ಕೆಂಪು ಅಕ್ಷರದಲ್ಲಿತ್ತು. ಅಷ್ಟು ಸಾಕಾಯ್ತು ಅವರಿಗೆ. ಕಾಂಟ್ರಾಕ್ಟರ್ ಗಡಿಯಾಚೆ ಕರ್ನಾಟಕದ ಪುತ್ತೂರು ಕಡೆಯವರು, ಕನ್ನಡ ಮಾತಾಡ್ತಾರೆ, ತುಳು ಮಾತಾಡ್ತಾರೆ, ನಮ್ಮವರೇ ಅನ್ನುವ ಹಾಗೆ ಜಗಲಿಯಲ್ಲಿ ಕೂತು ಕಾಫಿ ಕುಡಿದು ಹೋದ್ರು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲದ ಕಡೆ ಹೋಗುವಾಗ ಸಿಗುವ 12 ಸೆಂಟ್ಸ್ ಜಾಗ, 1450 ಸ್ಕ್ವೇರ್ ಫೀಟ್ ಮನೆ, ಸ್ಕ್ವೇರ್ ಫೀಟಿಗೆ 1900 ರೂಪಾಯಿ, ಒಟ್ಟು 27 ಲಕ್ಷದ 55 ಸಾವಿರ. 2021ರ ಅಕ್ಟೋಬರಲ್ಲಿ ಅಗ್ರಿಮೆಂಟ್ ಆಯ್ತು, ಮುಂದಿನ ಮಳೆಗಾಲದ ಒಳಗೆ ಒಕ್ಕಲು ಆಗ್ಬೇಕು ಅಂತ ಮಾತು. ಒಕ್ಕಲಾದದ್ದು 2024ರ ಕೊನೆಗೆ. ಮಧ್ಯದಲ್ಲಿ ಏನೆಲ್ಲ ಆಯ್ತು ಅಂತ ಪೂರ್ತಿ ಬರೀತೇನೆ, ಯಾಕೆ ಅಂದ್ರೆ ಈಗಲೂ ನನ್ನ ಪರಿಚಯದವರು ಮನೆ ಕಟ್ಟುವಾಗ ಅದೇ ಒಂದು ಪ್ರಶ್ನೆ ಕೇಳಿ ಸುಮ್ಮನಾಗ್ತಾರೆ, ಲೈಸೆನ್ಸ್ ಉಂಟಾ ಅಂತ, ಆಚೆಯವರು ಉಂಟು ಅಂತಾರೆ, ಅಲ್ಲಿಗೆ ಮುಗೀತು.

ಮೊದಲು ಒಂದು ವಿಷಯ ಹೇಳಿಬಿಡ್ತೇನೆ, ಇದು ನನಗೆ ಗೊತ್ತಾದದ್ದು ದುಡ್ಡು ಹೋದ ಮೇಲೆ. ಕೇರಳದಲ್ಲಿ ಖಾಸಗಿ ಮನೆ ಕಟ್ಟಿಕೊಡುವ ಕಾಂಟ್ರಾಕ್ಟರಿಗೆ ಅಂತಲೇ ಒಂದು ಲೈಸೆನ್ಸ್ ಇಲ್ಲ. ಕರ್ನಾಟಕದಲ್ಲೂ ಇಲ್ಲ. ನಿಮ್ಮ ಜಾಗದಲ್ಲಿ ನಿಮ್ಮ ಮನೆ ಕಟ್ಟಲಿಕ್ಕೆ ಯಾರು ಬೇಕಾದ್ರೂ ಗುತ್ತಿಗೆ ಹಿಡೀಬಹುದು, ಪರೀಕ್ಷೆ ಇಲ್ಲ, ಅನುಭವದ ಲೆಕ್ಕ ಇಲ್ಲ, ಡೆಪಾಸಿಟ್ ಇಲ್ಲ. ಅದೇ ಮನೆಯ ವಯರಿಂಗ್ ಕೆಲಸಕ್ಕೆ ಮಾತ್ರ ಕಾನೂನು ಪ್ರಕಾರ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಾಂಟ್ರಾಕ್ಟರೇ ಬೇಕು, ಕೇರಳದಲ್ಲಿ ಅದಕ್ಕೆ ಬೇರೆ ಲೈಸೆನ್ಸಿಂಗ್ ಬೋರ್ಡೇ ಉಂಟು, ಅವರ ಸಹಿ ಇಲ್ಲದೆ ಕರೆಂಟ್ ಕನೆಕ್ಷನ್ ಸಿಗುದಿಲ್ಲ. ತಲೆ ಮೇಲಿನ ಸ್ಲ್ಯಾಬ್ ಹಾಕುವವರಿಗೆ ಹಾಗೆ ಏನೂ ಇಲ್ಲ. ಇದು ನನಗೆ ತುಂಬ ಬೇಸರ ತಂದ ವಿಷಯ, ಸರಿಪಡಿಸ್ಬೇಕಾದ ವಿಷಯ ಅಂತಲೂ ಅನ್ನಿಸ್ತದೆ.

ಹಾಗಾದ್ರೆ ಅವರ ಹತ್ರ ಇದ್ದ ಲೈಸೆನ್ಸ್ ಯಾವುದು? ಸುಳ್ಳಲ್ಲ, ಇತ್ತು. ಕರ್ನಾಟಕದ ಪಿಡಬ್ಲ್ಯುಡಿಯ, ಅಂದ್ರೆ ಲೋಕೋಪಯೋಗಿ ಇಲಾಖೆಯ ಕ್ಲಾಸ್ 4 ಕಾಂಟ್ರಾಕ್ಟರ್ ರಿಜಿಸ್ಟ್ರೇಷನ್. ಲ್ಯಾಮಿನೇಷನ್ ಮಾಡಿಸಿದ ಕಾಪಿ ಅಕ್ಕನಿಗೆ ತೋರಿಸಿದ್ರು, ಅಕ್ಕ ಅದರ ಫೋಟೋ ತೆಗೆದು ಇಟ್ಟಿದ್ಲು, ಪುಣ್ಯ. ಆ ಕಾಗದ ಇರುವುದು ಅಲ್ಲಿಯ ಸರಕಾರಿ ಕೆಲಸದ ಟೆಂಡರ್ ಹಾಕಲಿಕ್ಕೆ, ಮೋರಿ, ರಸ್ತೆ, ಶಾಲೆ ರಿಪೇರಿ ಈ ತರದ್ದು, ಯಾವ ಕ್ಲಾಸಿನವರು ಎಷ್ಟು ರೂಪಾಯಿಯ ಕೆಲಸದವರೆಗೆ ಹಿಡೀಬಹುದು ಅಂತ ಅದರಲ್ಲಿ ಮಿತಿ. ಕೇರಳದಲ್ಲಿ ಇದೇ ತರದ್ದಕ್ಕೆ ಎ, ಬಿ, ಸಿ, ಡಿ ಅಂತ ಕ್ಲಾಸ್. ಎರಡೂ ಕಡೆ ಅದು ಸರಕಾರಕ್ಕೂ ಗುತ್ತಿಗೆದಾರನಿಗೂ ನಡುವಿನ ವ್ಯವಹಾರ, ನಿಮ್ಮ ಮನೆಗೂ ಅದಕ್ಕೂ ಸಂಬಂಧ ಇಲ್ಲ. ಅವರು ಕೆಲಸ ಕೆಡಿಸಿದ್ರೆ ನೀವು ಪಿಡಬ್ಲ್ಯುಡಿಗೆ ಹೋಗಿ ಹೇಳ್ಲಿಕ್ಕೆ ಆಗುದಿಲ್ಲ.

ಕೆಲಸ ಶುರುವಲ್ಲಿ ಚೆನ್ನಾಗಿಯೇ ಇತ್ತು ಅಂತ ಹೇಳ್ಲೇಬೇಕು. ಡಿಸೆಂಬರಿಗೆ ಪಂಚಾಂಗ, ಅಂದ್ರೆ ಅಡಿಪಾಯ ಆಯ್ತು, ಮುರಕಲ್ಲು ಒಳ್ಳೇದೇ ತಂದಿದ್ರು, 2022ರ ಫೆಬ್ರವರಿಗೆ ಬಾಗಿಲು ಕಿಟಕಿಯ ಮೇಲಿನ ಲಿಂಟಲ್, ಏಪ್ರಿಲ್ ಕೊನೆಗೆ ಸ್ಲ್ಯಾಬ್. ದುಡ್ಡು ಕೊಟ್ಟ ಲೆಕ್ಕ ಹೀಗೆ: ಅಡ್ವಾನ್ಸ್ 3 ಲಕ್ಷ, ಪಂಚಾಂಗಕ್ಕೆ ನಾಲ್ಕೂವರೆ, ಲಿಂಟಲಿಗೆ 5, ಸ್ಲ್ಯಾಬಿಗೆ 8. ಒಟ್ಟು ಇಪ್ಪತ್ತೂವರೆ ಲಕ್ಷ. ಅಂದ್ರೆ ಸಾರಣೆ ಇಲ್ಲ, ನೆಲ ಇಲ್ಲ, ಬಾಗಿಲು ಕಿಟಕಿ ಇಲ್ಲ, ಪ್ಲಂಬಿಂಗ್ ಇಲ್ಲ, ಪೈಂಟ್ ಇಲ್ಲ, ನಾಲ್ಕರಲ್ಲಿ ಮೂರು ಪಾಲು ದುಡ್ಡು ಆಗಲೇ ಕೈದಾಟಿತ್ತು. ಸ್ಲ್ಯಾಬ್ ಆದಾಗ ಮನೆ ಆಯ್ತು ಅಂತ ಕಣ್ಣಿಗೆ ಕಾಣ್ತದೆ, ಆದ್ರೆ ಖರ್ಚಿನ ಒಂದು ದೊಡ್ಡ ಪಾಲು ಅದರ ನಂತರ ಇರುದು. ಭಾವನಿಗೆ ಆಗ ಅದು ಹೊಳೀಲಿಲ್ಲ, ನಾನೂ ನೋಡಿದವನೇ, ನನಗೂ ಹೊಳೀಲಿಲ್ಲ.

ಸ್ಲ್ಯಾಬ್ ಹಾಕಿದ ನಾಲ್ಕನೇ ದಿನಕ್ಕೆ ಕೆಲಸದವರು ಇನ್ನೊಂದು ಸೈಟಿಗೆ ಹೋದ್ರು. ನೀರು ಬಿಡಲಿಕ್ಕೆ ಜನ ಇಲ್ಲ. ಮೇ ತಿಂಗಳ ಬಿಸಿಲು. ನಮ್ಮ ದೇಶದ ಕಾಂಕ್ರೀಟಿನ ಕೋಡು ಐಎಸ್ 456 ಏನು ಹೇಳ್ತದೆ ಅಂದ್ರೆ ಸಾಧಾರಣ ಸಿಮೆಂಟಿಗೆ ಕಮ್ಮಿ ಅಂದ್ರೆ 7 ದಿನ ಕ್ಯೂರಿಂಗ್, ಅಂದ್ರೆ ನೀರು ಬಿಟ್ಟು ಒದ್ದೆ ಇಡುದು, ಆಗ್ಬೇಕು, ಒಣ ಸೆಕೆ ಇದ್ರೆ 10 ದಿನ. ಅಕ್ಕ ಎರಡು ದಿನ ಬಾವಿಯಿಂದ ಪಂಪ್ ಹಾಕಿ ತಾನೇ ಬಿಟ್ಲು, ಮತ್ತೆ ಬಾವಿಯ ನೀರು ಇಳೀತು, ನಿಲ್ಲಿಸಿದ್ಲು. ಎಂಟನೇ ದಿನ ಇನ್ನೆಲ್ಲಿಗೋ ಬೇಕು ಅಂತ ಬಂದು ಆಧಾರದ ಜಾಕಿಗಳನ್ನೂ ತೆಗೆದುಕೊಂಡು ಹೋದ್ರು. ಹಾಲಿನ ಸ್ಲ್ಯಾಬ್ ಅಗಲ ನಾಲ್ಕೂವರೆ ಮೀಟರಿಗಿಂತ ಜಾಸ್ತಿ, ಹಾಗಿದ್ರೆ ಕೋಡ್ ಪ್ರಕಾರ ಆಧಾರ 14 ದಿನ ಇರ್ಬೇಕು. ಇದನ್ನೆಲ್ಲ ನೋಡ್ಲಿಕ್ಕೆ ಅಲ್ಲಿ ಯಾರಿದ್ರು? ಯಾರೂ ಇಲ್ಲ.

ಜೂನ್ ಮಳೆ ಬಿತ್ತು. ಕಾಸರಗೋಡಿನ ಮಳೆ ಗೊತ್ತುಂಟಲ್ಲ, ಹಾಲಿನ ಮೂಲೆಯಲ್ಲಿ, ಅಡುಗೆ ಕೋಣೆಯ ಮೇಲೆ, ಎರಡು ಕಡೆ ನೀರು ತೊಟ್ಟಿಕ್ಕುದಲ್ಲ, ಇಳೀತಿತ್ತು. ಫೋನ್ ಮಾಡಿದ್ರೆ ಮಳೆ ಬಿಡ್ಲಿ ಅಂತ. ಜುಲೈಯಲ್ಲಿ ಒಂದು ಬಿಲ್ ಕಳಿಸಿದ್ರು ವಾಟ್ಸಾಪಿನಲ್ಲಿ, ಇಷ್ಟರವರೆಗಿನ ದುಡ್ಡಿಗೆ ಜಿಎಸ್ಟಿ 18 ಪರ್ಸೆಂಟ್ ಬೇರೆ ಕೊಡ್ಬೇಕು, ಕೊಟ್ರೆ ಸಾರಣೆ ಶುರು ಮಾಡ್ತೇನೆ ಅಂತ. ಹೆಚ್ಚುಕಮ್ಮಿ 3 ಲಕ್ಷದ 69 ಸಾವಿರ. ಅಕ್ಕ ಅಳ್ತಾ ನನಗೆ ಫೋನ್ ಮಾಡಿದ್ದು ಆವತ್ತು.

ಆ ಬಿಲ್ಲಿನಿಂದಲೇ ನಮಗೆ ದಾರಿ ಸಿಕ್ಕಿತು. ಜಿಎಸ್ಟಿ ನಂಬರಿಗೆ 15 ಅಕ್ಷರ, ಮೊದಲ ಎರಡು ರಾಜ್ಯದ ಕೋಡು, ಕೇರಳ 32, ಕರ್ನಾಟಕ 29, ಅದರ ನಂತರದ ಹತ್ತು ಪಾನ್ ನಂಬರ್. ಇವರದ್ದು 29ರಿಂದ ಶುರು. ಅದು ತಪ್ಪಲ್ಲ, ಆಚೆ ರಾಜ್ಯದವರೂ ಈಚೆ ಕೆಲಸ ಮಾಡಿ ಬಿಲ್ ಹಾಕಬಹುದು. ಆದ್ರೆ ಜಿಎಸ್ಟಿ ಪೋರ್ಟಲಿನಲ್ಲಿ ಆ ನಂಬರ್ ಹಾಕಿ ಹುಡುಕಿದ್ರೆ ಬಂದದ್ದು ಬೇರೆ ಹೆಸರು, ಸ್ಟೇಟಸ್ ಕ್ಯಾನ್ಸಲ್ಡ್. ರಿಜಿಸ್ಟ್ರೇಷನ್ ಇಲ್ಲದವರು ಜಿಎಸ್ಟಿ ಅಂತ ವಸೂಲು ಮಾಡುವ ಹಾಗೇ ಇಲ್ಲ, ಕಾನೂನಿನಲ್ಲಿ ಸೆಕ್ಷನ್ 32ರಲ್ಲಿ ನೇರ ಬರೆದಿದೆ. ಸಾಮಾನು ಸಮೇತ ಗುತ್ತಿಗೆ ಅಂದ್ರೆ 18 ಪರ್ಸೆಂಟ್ ನಿಜ, ಆದ್ರೆ ಒಂದೇ ಒಂದು ಮನೆಗೆ ಬರೀ ಲೇಬರ್ ಗುತ್ತಿಗೆ ಕೊಟ್ಟು ಸಾಮಾನು ನೀವೇ ತಂದ್ರೆ ಆ ಲೇಬರಿಗೆ ಜಿಎಸ್ಟಿಯೇ ಇಲ್ಲ. ಆ ಹುಡುಕಾಟಕ್ಕೆ ಎರಡು ನಿಮಿಷ ಆಯ್ತು, ಅದನ್ನು ಅಡ್ವಾನ್ಸ್ ಕೊಡುವ ಮೊದಲೇ ಮಾಡ್ಬೇಕಿತ್ತು.

ಮತ್ತೆ ನಾನು ಅಗ್ರಿಮೆಂಟ್ ಕೇಳಿದೆ. ಅಕ್ಕ ಟ್ರಂಕಿನಿಂದ ತೆಗೆದುಕೊಟ್ಲು. ಸ್ಟಾಂಪ್ ಪೇಪರಿನಲ್ಲಿ ಮೂರು ಪುಟ, ಪೂರ್ತಿ ಮಲಯಾಳ. ಪೇಟೆಯಲ್ಲಿ ಬರೆಸಿದ್ದು, ಅವರ ಹತ್ರ ರೆಡಿ ಇದ್ದ ನಮೂನೆ, ಹೆಸರು, ಮೊತ್ತ ತುಂಬಿಸಿ ಕೊಟ್ಟಿದ್ರು. ಅಕ್ಕ ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ, ಮಲಯಾಳ ಮಾತಾಡ್ತಾಳೆ, ಓದಲಿಕ್ಕೆ ಬರುದಿಲ್ಲ. ಭಾವ ಬಸ್ಸಿನ ಬೋರ್ಡ್ ಓದುವಷ್ಟು ಓದ್ತಾರೆ. ಆವತ್ತು ಸಹಿ ಹಾಕುವ ಮೊದಲು ಅವರು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದ್ದಾರೆ, ಏಳನೇ ಕಂಡಿಷನಿನಲ್ಲಿ ಮೇಲ್‌ನೋಟ್ಟಂ ಅಂತ ಒಂದು ಶಬ್ದ ಸಿಕ್ಕಿದೆ. ನಮ್ಮ ಕನ್ನಡದಲ್ಲಿ ಮೇಲ್ನೋಟ ಅಂದ್ರೆ ಹೊರಗಿನಿಂದ ಸುಮ್ಮನೆ ಒಂದು ಸಲ ನೋಡುದು. ಓನರ್ ಆಗಾಗ ಬಂದು ಒಂದು ನೋಟ ನೋಡಿ ಹೋಗ್ಬಹುದು ಅಂತ ಬರೆದಿದ್ದಾರೆ ಅಂತ ಭಾವ ಅರ್ಥ ಮಾಡಿಕೊಂಡ್ರು. ಮಲಯಾಳದಲ್ಲಿ ಮೇಲ್‌ನೋಟ್ಟಂ ಅಂದ್ರೆ ಸೂಪರ್‌ವಿಷನ್, ಮೇಲ್ವಿಚಾರಣೆ. ಆ ಕಂಡಿಷನ್ ಹೇಳ್ತಿದ್ದದ್ದು ಇಷ್ಟು: ಕೆಲಸದ ಮೇಲ್ವಿಚಾರಣೆಯ ಜವಾಬ್ದಾರಿ ಪೂರ್ತಿ ಉಡಮಸ್ಥನದ್ದು, ಅಂದ್ರೆ ಮಾಲಿಕನದ್ದು. ಭಾವ ಅಡಿಕೆ ತೋಟಕ್ಕೆ ಮದ್ದು ಬಿಡುವವರು. ಸ್ಲ್ಯಾಬಿನ ಕಂಬಿಗೆ ಎಷ್ಟು ಕವರ್, ಅಂದ್ರೆ ಕಾಂಕ್ರೀಟಿನ ಹೊದಿಕೆ ಇರ್ಬೇಕು ಅಂತ ನೋಡುವ ಜವಾಬ್ದಾರಿಗೆ ಅವರು ಸಹಿ ಹಾಕಿ ಕೊಟ್ಟಿದ್ರು, ಒಂದು ಶಬ್ದ ಎರಡು ಭಾಷೆಯಲ್ಲಿ ಬೇರೆ ಬೇರೆ ಆದ ಕಾರಣಕ್ಕೆ. ಅವರಿಗೆ ಆ ಅರ್ಥ ಹೇಳಿದಾಗ ತುಂಬ ಹೊತ್ತು ಮಾತಾಡ್ಲಿಲ್ಲ.

ಈ ಗಡಿಯಲ್ಲಿ ಇರುವ ನಾವು ಇದನ್ನು ಸಣ್ಣ ವಿಷಯ ಅಂತ ಬಿಡಬಾರದು. ಸರಕಾರದ ಹತ್ರ ಕನ್ನಡದಲ್ಲಿ ಬರೆಯುವ ಹಕ್ಕು ನಮಗುಂಟು, ಕೇರಳದ 1969ರ ಅಧಿಕೃತ ಭಾಷಾ ಕಾನೂನಿನಲ್ಲೇ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ವ್ಯವಹರಿಸಬಹುದು, ಉತ್ತರವೂ ಆ ಭಾಷೆಯಲ್ಲಿ ಬರ್ಬೇಕು ಅಂತ ಉಂಟು. ಇಬ್ಬರು ಖಾಸಗಿಯವರ ನಡುವಿನ ಕರಾರಿಗಂತೂ ಯಾವ ಭಾಷೆಯ ಕಟ್ಟುಪಾಡೂ ಇಲ್ಲ. ಇಬ್ಬರೂ ಕನ್ನಡದವರು, ಕಾಗದ ಮಾತ್ರ ಇಬ್ಬರೂ ಓದದ ಭಾಷೆಯಲ್ಲಿ, ಯಾಕೆ ಅಂತ ನಾವು ಕೇಳ್ಲೇ ಇಲ್ಲ.

ಇನ್ನು ನಿಜವಾದ ಲೈಸೆನ್ಸಿನ ವಿಷಯ. ಮನೆ ಕೆಲಸದಲ್ಲಿ ಸರಕಾರ ರಿಜಿಸ್ಟರ್ ಮಾಡಿ ಜವಾಬ್ದಾರಿ ಹೊರಿಸಿದ ಒಬ್ಬರು ಇದ್ದೇ ಇರ್ತಾರೆ, ಅದು ಕಾಂಟ್ರಾಕ್ಟರ್ ಅಲ್ಲ, ಪ್ಲಾನಿಗೆ ಸಹಿ ಹಾಕಿದವರು. ಕೇರಳ ಪಂಚಾಯತ್ ಬಿಲ್ಡಿಂಗ್ ರೂಲ್ಸ್ 2019ರ ಪ್ರಕಾರ ಪರ್ಮಿಟಿನ ಅರ್ಜಿಯ ಪ್ಲಾನಿಗೆ ರಿಜಿಸ್ಟರ್ಡ್ ಆರ್ಕಿಟೆಕ್ಟ್, ಎಂಜಿನಿಯರ್ ಅಥವಾ ಸೂಪರ್‌ವೈಸರ್ ಸಹಿ ಬೇಕು, ಎಂಜಿನಿಯರಲ್ಲಿ ಎ, ಬಿ, ಸೂಪರ್‌ವೈಸರಲ್ಲಿ ಸೀನಿಯರ್, ಎ, ಬಿ ಅಂತ ದರ್ಜೆ, ದರ್ಜೆಗೆ ತಕ್ಕ ಹಾಗೆ ಎಷ್ಟು ದೊಡ್ಡ ಕಟ್ಟಡ ಅಂತ ಮಿತಿ. ಕೆಲಸ ಮುಗಿದ ಮೇಲೆ ಕಂಪ್ಲೀಷನ್ ಸರ್ಟಿಫಿಕೇಟಿಗೂ ಇವರ ಸಹಿಯೇ ಬೇಕು. ಅದಿಲ್ಲದೆ ಆಕ್ಯುಪೆನ್ಸಿ, ಅಂದ್ರೆ ಮನೆಯಲ್ಲಿ ವಾಸ ಮಾಡ್ಬಹುದು ಅನ್ನುವ ಸರ್ಟಿಫಿಕೇಟ್ ಇಲ್ಲ, ಆಕ್ಯುಪೆನ್ಸಿ ಇಲ್ಲದೆ ಮನೆ ನಂಬರ್ ಇಲ್ಲ, ನಂಬರ್ ಇಲ್ಲದೆ ಆಗ ಮನೆ ಕಟ್ಟುವ ಕಾಲದ ದುಬಾರಿ ಕರೆಂಟ್ ರೇಟು ಮನೆ ರೇಟಿಗೆ ಬದಲಾಗ್ತಿರ್ಲಿಲ್ಲ, ಅಕ್ಕನ ಲೋನಿನ ಕೊನೇ ಕಂತೂ ಬ್ಯಾಂಕಿನವರು ಬಿಡುದಿಲ್ಲ ಅಂದಿದ್ರು.

ಅಕ್ಕನ ಪ್ಲಾನಿಗೆ ಸಹಿ ಹಾಕಿದವರು ಕಾಸರಗೋಡು ಕಡೆಯ ಒಬ್ಬ ಸೂಪರ್‌ವೈಸರ್. ಅಕ್ಕ ಭಾವ ಅವರ ಮುಖ ನೋಡಿದವರಲ್ಲ. ಪ್ಲಾನ್ ಕಾಂಟ್ರಾಕ್ಟರೇ ತಂದುಕೊಟ್ಟದ್ದು, ಅದರ ಫೀಸನ್ನೂ ಅವರೇ ತೆಗೆದುಕೊಂಡದ್ದು. ಪ್ಲಾನಿನ ಮೇಲಿದ್ದ ರಿಜಿಸ್ಟ್ರೇಷನ್ ನಂಬರ್ ಹಿಡ್ಕೊಂಡು ಆಗಸ್ಟಿನಲ್ಲಿ ನಾನೂ ಭಾವನೂ ಹುಡುಕಿಕೊಂಡು ಹೋದೆವು. ಅವರು ಹೇಳಿದ್ದು, ನಾನು ಡ್ರಾಯಿಂಗ್ ಮಾತ್ರ ಮಾಡಿದ್ದು, ಸೈಟಿಗೆ ಬರುವ ಮಾತು ಆಗ್ಲಿಲ್ಲ, ನನಗೆ ಸಿಕ್ಕಿದ್ದು ಇಷ್ಟು ಸಾವಿರ. ಸಿಟ್ಟು ಬಂತು ನಿಜ, ಆದ್ರೆ ಯೋಚನೆ ಮಾಡಿದ್ರೆ ಅವರನ್ನು ನೇಮಿಸಿದ್ದು ನಾವಲ್ಲ, ಕಾಂಟ್ರಾಕ್ಟರ್. ಯಾರ ಕೆಲಸದ ತಪ್ಪು ಹಿಡೀಬೇಕೋ ಅವರೇ ಆರಿಸಿ ದುಡ್ಡು ಕೊಟ್ಟ ಜನ. ಇಡೀ ಕೇಸಿನಲ್ಲಿ ನಮ್ಮ ಅತಿ ದೊಡ್ಡ ತಪ್ಪು ಇದು ಅಂತ ನನ್ನ ಅಭಿಪ್ರಾಯ, ಅಡ್ವಾನ್ಸಿಗಿಂತಲೂ, ಅಗ್ರಿಮೆಂಟಿಗಿಂತಲೂ.

ಕೆಲಸದವರ ವಿಷಯ ಹೇಳದೆ ಹೋದ್ರೆ ಅನ್ಯಾಯ ಆಗ್ತದೆ. ಸೈಟಿನಲ್ಲಿದ್ದ ಎಂಟು ಜನ ಗದಗ, ಕೊಪ್ಪಳ ಕಡೆಯವರು, ಅಲ್ಲಿಂದ ಕಾಂಟ್ರಾಕ್ಟರೇ ಕರ್ಕೊಂಡು ಬಂದದ್ದು. ಲಿಂಟಲ್ ಸಮಯದಲ್ಲಿ ಒಬ್ಬ ಹುಡುಗ ಸೆಂಟ್ರಿಂಗಿನ ಹಲಗೆಯಿಂದ ಬಿದ್ದು ಕೈ ಮುರ್ಕೊಂಡ, ಆಸ್ಪತ್ರೆಗೆ 38 ಸಾವಿರ ಆಯ್ತು, ಕಾಂಟ್ರಾಕ್ಟರ್ ಫೋನ್ ಎತ್ಲಿಲ್ಲ, ಅಕ್ಕನೇ ಕಟ್ಟಿದ್ಲು. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಐದು ಜನಕ್ಕಿಂತ ಕಮ್ಮಿ ಇಲ್ಲದ ಹಾಗೆ ಕೆಲಸದವರನ್ನು ತರುವ ಕಾಂಟ್ರಾಕ್ಟರ್ ಆಗಿನ 1979ರ ವಲಸೆ ಕಾರ್ಮಿಕರ ಕಾನೂನು ಪ್ರಕಾರ ಲೈಸೆನ್ಸ್ ತೆಗೀಬೇಕಿತ್ತು. ನಮ್ಮ ಕೇಸಿನಲ್ಲಿ ಕಾಂಟ್ರಾಕ್ಟರಿಗೆ ನಿಜವಾಗಿ ಬೇಕಾಗಿದ್ದ ಲೈಸೆನ್ಸ್ ಅಂದ್ರೆ ಇದು, ಇದೊಂದೇ ಅವರ ಹತ್ರ ಇರ್ಲಿಲ್ಲ. ಕೇರಳ ಸರಕಾರದ ಆವಾಸ್ ಅಂತ ವಲಸೆ ಕಾರ್ಮಿಕರ ಇನ್ಶೂರೆನ್ಸ್ 2017ರಿಂದ ಇತ್ತು, ಅದಕ್ಕೂ ಆ ಹುಡುಗರ ಹೆಸರು ಸೇರಿಸಿರ್ಲಿಲ್ಲ. ಆ ಹುಡುಗ ಊರಿಗೆ ಹೋಗುವಾಗ ಅಕ್ಕನ ಕಾಲು ಮುಟ್ಟಿ ಹೋದ, ಈಗಲೂ ಹಬ್ಬಕ್ಕೆ ಫೋನ್ ಮಾಡ್ತಾನೆ. ಇನ್ನೊಂದು, ಕಟ್ಟಡ ಕಾರ್ಮಿಕರ ಕಲ್ಯಾಣ ಸೆಸ್ಸು 1 ಪರ್ಸೆಂಟ್, ಆಗಿನ ಕಾನೂನಿನಲ್ಲಿ ಸ್ವಂತ ಮನೆಗೆ 10 ಲಕ್ಷದವರೆಗೆ ವಿನಾಯಿತಿ, ಅದರ ಮೇಲೆ ಆದ್ರೆ ಕಟ್ಟಬೇಕು. ಯಾರು ಕಟ್ಟುದು ಅಂತ ನಮ್ಮ ಅಗ್ರಿಮೆಂಟಿನಲ್ಲಿ ಒಂದು ಅಕ್ಷರ ಇರ್ಲಿಲ್ಲ.

ಆಗಸ್ಟಿನ ನಂತರ ಕಾಂಟ್ರಾಕ್ಟರ್ ಬರ್ಲೇ ಇಲ್ಲ. ಅಕ್ಟೋಬರಿನಲ್ಲಿ ವಕೀಲರ ಮೂಲಕ ನೋಟಿಸ್ ಕಳಿಸಿದೆವು. ರೇರಾಕ್ಕೆ, ಅಂದ್ರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ ಹೋಗಿ ಅಂತ ಸುಮಾರು ಜನ ಹೇಳಿದ್ರು, ಅದು ಆಗುದಿಲ್ಲ, ರೇರಾ ಇರುದು ಬಿಲ್ಡರ್ ಮಾರುವ ಫ್ಲಾಟು, ಲೇಔಟಿಗೆ, ನಿಮ್ಮ ಜಾಗದಲ್ಲಿ ನೀವು ಕಟ್ಟಿಸುವ ಮನೆಗಲ್ಲ. ನಮಗೆ ಬಾಗಿಲು ಇದ್ದದ್ದು ಗ್ರಾಹಕರ ಕಾನೂನು. 2019ರ ಕಾನೂನಿನಲ್ಲಿ ಸೇವೆ ಅನ್ನುವುದರ ಅರ್ಥದಲ್ಲಿ ಮನೆ ನಿರ್ಮಾಣ ಅಂತ ಶಬ್ದ ಸಮೇತ ಉಂಟು. ಗಡಿಯವರಿಗೆ ಮುಖ್ಯವಾದ ವಿಷಯ ಇನ್ನೊಂದು, ದೂರು ಕೊಡುವವರು ಇರುವ ಜಿಲ್ಲೆಯಲ್ಲೇ ಕೇಸ್ ಹಾಕಬಹುದು, ಆಚೆಯವರ ಊರಿಗೆ ಮಂಗಳೂರಿಗೆ ಅಲೀಬೇಕಾಗಿಲ್ಲ. ಹಳೇ ಕಾನೂನಿನಲ್ಲಿ ಆ ಅನುಕೂಲ ಇರ್ಲಿಲ್ಲ. ತೊಂದರೆ ಆದ ದಿನದಿಂದ ಎರಡು ವರ್ಷದ ಒಳಗೆ ಹಾಕ್ಬೇಕು. ಕೊಟ್ಟ ದುಡ್ಡು 50 ಲಕ್ಷದವರೆಗೆ ಆದ್ರೆ ಜಿಲ್ಲಾ ಆಯೋಗ, 20ರಿಂದ 50 ಲಕ್ಷದ ನಡುವೆ ಫೀಸು 1000 ರೂಪಾಯಿ. 2023ರ ಜನವರಿಯಲ್ಲಿ ಕಾಸರಗೋಡಿನ ಜಿಲ್ಲಾ ಆಯೋಗದಲ್ಲಿ ಹಾಕಿದೆವು.

ನಮ್ಮ ಕೈಯಲ್ಲಿ ಇದ್ದದ್ದು ಬ್ಯಾಂಕ್ ಟ್ರಾನ್ಸ್‌ಫರಿನ ದಾಖಲೆ, ಅಕ್ಕ ತೆಗೆದಿಟ್ಟ ಫೋಟೋಗಳು, ಅದರಲ್ಲಿ ತಾರೀಕು ಸಮೇತ ಜಾಕಿ ತೆಗೆದದ್ದು, ಆ ಕ್ಯಾನ್ಸಲ್ ಆದ ನಂಬರಿನ ಬಿಲ್ಲು. ಆಚೆಯವರ ಕೈಯಲ್ಲಿ ಇದ್ದದ್ದು ಏಳನೇ ಕಂಡಿಷನ್. ಅದನ್ನೇ ಹಿಡ್ಕೊಂಡು ವಾದ ಮಾಡಿದ್ರು, ಮೇಲ್ವಿಚಾರಣೆ ಓನರದ್ದು, ಸೋರಿದ್ರೆ ನಾನು ಜವಾಬ್ದಾರ ಅಲ್ಲ ಅಂತ. ಆಯೋಗ ನೇಮಿಸಿದ ಎಂಜಿನಿಯರ್ ಜೂನಿನಲ್ಲಿ, ಮಳೆ ಸುರೀತಿರುವಾಗಲೇ ಬಂದು ನೋಡಿದ್ರು, ಅದು ನಮಗೆ ಒಳ್ಳೇದಾಯ್ತು. ಅವರ ರಿಪೋರ್ಟಿನಲ್ಲಿ ಆದ ಕೆಲಸದ ಬೆಲೆ 15 ಲಕ್ಷದ 20 ಸಾವಿರ, ಅಂದ್ರೆ 5 ಲಕ್ಷದ 30 ಸಾವಿರ ಜಾಸ್ತಿ ಹೋಗಿತ್ತು, ಸೋರುದು ಸರಿ ಮಾಡ್ಲಿಕ್ಕೆ 1 ಲಕ್ಷದ 60 ಸಾವಿರ ಬೇರೆ. 2024ರ ಶುರುವಿಗೆ ಮೀಡಿಯೇಷನಿಗೆ ಹೋಯ್ತು, 4 ಲಕ್ಷದ 75 ಸಾವಿರ ಐದು ಕಂತಿನಲ್ಲಿ ಕೊಡುದು ಅಂತ ಒಪ್ಪಂದ. ಇನ್ನೂ ಎಳೆದ್ರೆ ಪೂರ್ತಿ ಸಿಗಬಹುದಿತ್ತೋ ಏನೋ, ಅಕ್ಕ ಸಾಕು ಅಂದ್ಲು, ಬಾಡಿಗೆ ಮನೆ, ಎರಡು ಮಕ್ಕಳು, ನಾನು ಒತ್ತಾಯ ಮಾಡ್ಲಿಲ್ಲ.

ಆ ಮಧ್ಯೆ ಪಂಚಾಯತ್ ಸೆಕ್ರೆಟರಿಗೆ ಬರೆದುಕೊಟ್ಟು ಪ್ಲಾನಿನ ಜವಾಬ್ದಾರಿಯನ್ನು ಬೇರೆ ರಿಜಿಸ್ಟರ್ಡ್ ಎಂಜಿನಿಯರ್ ಹೆಸರಿಗೆ ಬದಲಾಯಿಸಿದೆವು. ಈ ಸಲ ಅವರನ್ನು ಹುಡುಕಿದ್ದು ನಾವು, ಫೀಸು ಕೊಟ್ಟದ್ದು ನಾವು, ತಿಂಗಳಿಗೆ ಇಷ್ಟು ಸಲ ಸೈಟಿಗೆ ಬರ್ಬೇಕು ಅಂತ ಬರೆಸಿಕೊಂಡೆವು. ಉಳಿದ ಕೆಲಸ ಲೇಬರ್ ಗುತ್ತಿಗೆ, ಸಾಮಾನು ಭಾವನೇ ತಂದ್ರು, ಎಂ ಸ್ಯಾಂಡಿನಿಂದ ಹಿಡಿದು ಟೈಲ್ಸಿನವರೆಗೆ. ಮೇಸ್ತ್ರಿ ನೀರ್ಚಾಲಿನ ಕಡೆಯವರು, ಯಾವ ಕಾರ್ಡೂ ಇಲ್ಲ, ವಾರಕ್ಕೊಮ್ಮೆ ಆದ ಕೆಲಸ ಅಳತೆ ಹಿಡಿದು ಎಂಜಿನಿಯರ್ ಸಹಿ ಹಾಕಿದ ಮೇಲೆ ದುಡ್ಡು. ನಿಧಾನ ಆಯ್ತು, ಜಗಳ ಆಗ್ಲಿಲ್ಲ.

ಮೇಸ್ತ್ರಿ ಹತ್ರ ಬರೆಸಿದ ಅಗ್ರಿಮೆಂಟ್ ಎರಡು ಪುಟ, ಕನ್ನಡದಲ್ಲಿ, ನಾನೇ ಬರೆದದ್ದು, ವಕೀಲರು ತಿದ್ದಿದ್ದು. ಸಹಿ ಹಾಕುವ ದಿನ ಅಕ್ಕ ಅದನ್ನು ಜಗಲಿಯಲ್ಲಿ ಎಲ್ಲರೆದುರು ಜೋರಾಗಿ ಓದಿದ್ಲು, ಮೇಸ್ತ್ರಿ ಎರಡು ಕಡೆ ತಡೆದು ಇದು ನನಗಾಗುದಿಲ್ಲ ಅಂದ್ರು, ಅಲ್ಲೇ ಹೊಡೆದು ತಿದ್ದಿದೆವು. ಮೇಲ್ವಿಚಾರಣೆ ಅನ್ನುವ ಸಾಲು ಬಂದಾಗ ಭಾವ ಕಾಗದ ತನ್ನ ಕೈಗೆ ತಗೊಂಡು, ಎಂಜಿನಿಯರ್ ಹೆಸರು ಅಲ್ಲಿ ಉಂಟಾ ಅಂತ ಬೆರಳಿಟ್ಟು ನೋಡಿ, ಮತ್ತೆ ಪೆನ್ನು ಕೇಳಿದ್ರು.